ಪಟ್ಟಿಯಲ್ಲಿ ಹೆಸರು ಬಾರದಿದ್ದಾಗ
(ಪಾಲಕರಿಗಾಗಿ ಒಂದು ಪಾಠ)



ಬೇಸಿಗೆ ಬಂತೆಂದರೆ ಗಡಿನಾಡಿನ ನಮ್ಮ ಮನೆಗಳಲ್ಲಿ ಎರಡು ಬಗೆಯ ಕಾಯುವಿಕೆ ನಡೆದಿರುತ್ತದೆ. ಹೊಲ ಹರಗಿಟ್ಟು ಮುಗಿಲ ಕಡೆಗೆ ಮುಖ ಮಾಡಿ ಕೂಡ್ರುವುದು ಒಂದು. ಐದನೆಯ ಇಯತ್ತೆ ಓದುತ್ತಿರುವ ಮಗುವಿನ ಹೆಸರು ವಸತಿ ಶಾಲೆಯ ಆಯ್ಕೆ ಪಟ್ಟಿಯಲ್ಲಿ ಬಂದೀತೇ ಎಂದು ಕಾಯುವುದು ಇನ್ನೊಂದು. ಮೊದಲನೆಯದನ್ನು ತಾಳಿಕೊಳ್ಳುವ ಬಗೆಯನ್ನು ನಮ್ಮ ಹಿರಿಯರು ಕಲಿಸಿಕೊಟ್ಟು ಹೋಗಿದ್ದಾರೆ. ಮಳೆ ತಡವಾದರೆ ಯಾವ ಬೀಜ ಬಿತ್ತಬೇಕು, ಮುಂಗಾರಿ ಕೈಕೊಟ್ಟರೆ ಹಿಂಗಾರಿಗೆ ಏನು ಉಳಿಸಿಕೊಳ್ಳಬೇಕು ಎಂಬುದು ನಮ್ಮ ರೈತ ಬಾಂಧವರಿಗೆ ಗೊತ್ತು. ಎರಡನೆಯದಕ್ಕೆ ಮಾತ್ರ ಅಂಥ ಸಿದ್ಧತೆ ಇರುವುದಿಲ್ಲ. ಹೆಸರು ಬಂದರೆ ಪೇಢೆ ಹಂಚುತ್ತೇವೆ. ಬಾರದಿದ್ದರೆ ಮನೆಯಲ್ಲಿ ಸಾವಾದವರಂತೆ ಕೂಡ್ರುತ್ತೇವೆ. ಈ ಎರಡರ ನಡುವೆ ಸಿಕ್ಕಿಬೀಳುವುದು ಹತ್ತು-ಹನ್ನೊಂದು ವರ್ಷದ ಕೂಸು.

ಮಠಕ್ಕೆ ಬರುವ ಭಕ್ತರು ಇತ್ತೀಚಿನ ವರ್ಷಗಳಲ್ಲಿ ಕೇಳುವ ಪ್ರಶ್ನೆಗಳಲ್ಲಿ ಇದು ಮುಖ್ಯವಾದದ್ದು. ‘ಹೆಸರು ಬರಲಿಲ್ಲ, ಮುಂದೇನು?’ ‘ಕಾಯುವ ಪಟ್ಟಿಯಲ್ಲಿ ಐತಿ ಅಂತಾರ, ಎಷ್ಟು ದಿನ ಕಾಯೂದು?’ ‘ಯಾರೋ ಒಬ್ಬರು ಮಾಡಿಸಿ ಕೊಡತೇನಿ ಅಂತಾರ, ಕೊಡೋಣೇನು?’ ಆದ್ದರಿಂದ ಈ ಸಂಚಿಕೆಯಲ್ಲಿ ಈ ವಿಷಯವನ್ನು ಬುಡದಿಂದ ವಿಚಾರ ಮಾಡಿ ನೋಡೋಣ.

ಮೊದಲು ನವೋದಯ ಶಾಲೆಯ ಲೆಕ್ಕ ತಿಳಿದುಕೊಳ್ಳಬೇಕು. ನಮ್ಮ ಜನ ಹೆಚ್ಚಾಗಿ ಆಸೆಪಡುವುದು ಅದಕ್ಕೇ. 1985-86ರಲ್ಲಿ ಹರಿಯಾಣದ ಝಜ್ಜರ ಮತ್ತು ಮಹಾರಾಷ್ಟ್ರದ ಅಮರಾವತಿಯಲ್ಲಿ ಎರಡು ಶಾಲೆಗಳಿಂದ ಆರಂಭವಾದ ಈ ಯೋಜನೆ ಇಂದು ದೇಶದಲ್ಲಿ 650ಕ್ಕೂ ಹೆಚ್ಚು ಶಾಲೆಗಳಾಗಿ ಬೆಳೆದಿದೆ. ಹಳ್ಳಿಯ ಬುದ್ಧಿವಂತ ಮಕ್ಕಳಿಗೆ ಊಟ, ವಸತಿ, ಬಟ್ಟೆ, ಪುಸ್ತಕ ಕೊಟ್ಟು ಓದಿಸುವುದು ಇದರ ಉದ್ದೇಶ. ಸೊಲ್ಲಾಪುರ ಜಿಲ್ಲೆಯ ಶಾಲೆ ಮೋಹೋಳ ತಾಲೂಕಿನ ಪೋಖರಾಪುರದಲ್ಲಿದೆ, ಸಾಂಗಲಿ ಜಿಲ್ಲೆಯದು ಪಲೂಸಿನಲ್ಲಿ, ಕಾಸರಗೋಡಿನದು ಪೆರಿಯದಲ್ಲಿ, ವಯನಾಡಿನದು ಲಕ್ಕಿಡಿಯಲ್ಲಿ. ಮಡಕಶಿರಾ ಕಡೆಯವರಿಗೆ ಲೇಪಾಕ್ಷಿಯ ಶಾಲೆ ಗೊತ್ತು, ಆದೋನಿ ಕಡೆಯವರಿಗೆ ಎಮ್ಮಿಗನೂರ ಹತ್ತಿರದ ಬನವಾಸಿಯ ಶಾಲೆ ಗೊತ್ತು. ತಮಿಳುನಾಡಿನಲ್ಲಿ ಮಾತ್ರ ಆ ಸರಕಾರದ ದ್ವಿಭಾಷಾ ನೀತಿಯ ಕಾರಣದಿಂದ ಇದುವರೆಗೆ ನವೋದಯ ಶಾಲೆ ತೆರೆದಿಲ್ಲ. ಆದ್ದರಿಂದ ತಾಳವಾಡಿ, ಹೊಸೂರು, ನೀಲಗಿರಿಯ ಬಂಧುಗಳು ಈ ಭಾಗವನ್ನು ದಾಟಿ ಸೈನಿಕ ಶಾಲೆಯ ವಿಷಯಕ್ಕೆ ಹೋಗಬಹುದು.

ಒಂದು ಶಾಲೆಯಲ್ಲಿ ಆರನೆಯ ಇಯತ್ತೆಗೆ ತೆಗೆದುಕೊಳ್ಳುವುದು ಸಾಮಾನ್ಯವಾಗಿ 80 ಮಕ್ಕಳನ್ನು. ಇಡೀ ಜಿಲ್ಲೆಗೆ 80. ಅರ್ಜಿ ಹಾಕುವವರು ಸಾವಿರಗಟ್ಟಲೆ. ಪರೀಕ್ಷೆ ಎರಡು ತಾಸಿನದು, 80 ಪ್ರಶ್ನೆ, 100 ಅಂಕ. ಅದರಲ್ಲಿ ಅರ್ಧ, ಅಂದರೆ 40 ಪ್ರಶ್ನೆಗೆ 50 ಅಂಕ, ಬುದ್ಧಿಶಕ್ತಿಯ ಪ್ರಶ್ನೆಗಳು: ಆಕೃತಿ ಹೊಂದಿಸುವುದು, ಬೇರೆಯಾದದ್ದನ್ನು ಗುರುತಿಸುವುದು ಇತ್ಯಾದಿ. ಉಳಿದದ್ದು ಅಂಕಗಣಿತ 25 ಅಂಕ, ಭಾಷೆ 25 ಅಂಕ. ಈ ಲೆಕ್ಕವನ್ನು ಇಷ್ಟು ವಿವರವಾಗಿ ಹೇಳುವುದಕ್ಕೆ ಕಾರಣವಿದೆ. ಎರಡು ಮೂರು ಆಕೃತಿಗಳನ್ನು ಅವಸರದಲ್ಲಿ ತಪ್ಪಾಗಿ ಗುರುತು ಮಾಡಿದ ಮಗು ಪಟ್ಟಿಯಿಂದ ಹೊರಗೆ ಉಳಿಯಬಹುದು. ಅದರ ಪಕ್ಕದಲ್ಲಿ ಕುಳಿತು ಊಹೆಯಿಂದ ಎರಡು ಉತ್ತರ ಸರಿ ಹಾಕಿದ ಮಗು ಒಳಗೆ ಹೋಗಬಹುದು, ಏಕೆಂದರೆ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಇಷ್ಟು ಸಣ್ಣ ಅಂತರವನ್ನು ನಾವು ‘ಜಾಣ’, ‘ದಡ್ಡ’ ಎಂಬ ದೊಡ್ಡ ಅಂತರವಾಗಿ ಮಾಡಿ ಮಗುವಿನ ಹಣೆಗೆ ಅಂಟಿಸುತ್ತೇವೆ. ಆಡತ ಅಂಗಡಿಯಲ್ಲಿ ಎರಡು ಕಿಲೋ ತೂಕದ ವ್ಯತ್ಯಾಸಕ್ಕೆ ಇಡೀ ಚೀಲವನ್ನು ಹುಳುಕು ಎಂದು ಯಾವ ವ್ಯಾಪಾರಿಯೂ ಹೇಳುವುದಿಲ್ಲ.

ಇನ್ನೂ ಒಂದು ಸಂಗತಿ. ಈ 80 ಒಂದೇ ಸಾಲು ಅಲ್ಲ. ಕನಿಷ್ಠ ನೂರಕ್ಕೆ 75, ಅಂದರೆ 60 ಸ್ಥಾನ, ಗ್ರಾಮೀಣ ಮಕ್ಕಳಿಗೆ ಮೀಸಲು. ಮೂರರಲ್ಲಿ ಒಂದು ಪಾಲು ಹೆಣ್ಣು ಮಕ್ಕಳಿಗೆ. ಅದರೊಳಗೆ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಕೇಂದ್ರ ಪಟ್ಟಿಯ ಹಿಂದುಳಿದ ವರ್ಗ, ಅಂಗವಿಕಲರು ಎಂದು ಪಾಲುಗಳಿವೆ. ಆದ್ದರಿಂದ ‘ಅವನಿಗಿಂತ ನಮ್ಮ ಹುಡುಗಗೆ ಹೆಚ್ಚು ಬರತಿತ್ತು, ಅವನ ಹೆಸರು ಬಂತು, ನಮ್ಮದು ಬರಲಿಲ್ಲ, ಏನೋ ಮೋಸ ನಡೆದೈತಿ’ ಎಂಬ ಮಾತು ಬಹಳ ಸಲ ಸರಿಯಲ್ಲ. ಇಬ್ಬರೂ ಬೇರೆ ಬೇರೆ ಸಾಲಿನಲ್ಲಿ ನಿಂತಿರುತ್ತಾರೆ. ಇಲ್ಲಿ ಮರು ಎಣಿಕೆಯೂ ಇಲ್ಲ. ಅದಕ್ಕಾಗಿ ಕಚೇರಿ ಸುತ್ತುವುದು ಬಸ್ಸಿನ ಚಾರ್ಜು ಕಳೆದುಕೊಂಡಂತೆ.

ಇನ್ನು ನಮ್ಮ ಗಡಿಭಾಗದವರೇ ವಿಶೇಷವಾಗಿ ಎಡವುವ ಒಂದು ಜಾಗ ಇದೆ. ಇದನ್ನು ದಯವಿಟ್ಟು ನಿಧಾನವಾಗಿ ಓದಿರಿ, ಮುಂದಿನ ವರ್ಷ ಪರೀಕ್ಷೆಗೆ ಕೂಡ್ರುವ ಮಕ್ಕಳಿರುವ ಮನೆಯವರಿಗೂ ಓದಿ ಹೇಳಿರಿ.

ನವೋದಯದ ನಿಯಮದಂತೆ ಮಗು ಯಾವ ಜಿಲ್ಲೆಯ ಶಾಲೆಗೆ ಅರ್ಜಿ ಹಾಕುತ್ತದೆಯೋ ಅದೇ ಜಿಲ್ಲೆಯ ನಿವಾಸಿಯಾಗಿರಬೇಕು, ಅದೇ ಜಿಲ್ಲೆಯಲ್ಲಿ ಐದನೆಯ ಇಯತ್ತೆ ಓದುತ್ತಿರಬೇಕು. ಗ್ರಾಮೀಣ ಪಾಲು ಬೇಕಾದರೆ ಮೂರು, ನಾಲ್ಕು, ಐದನೆಯ ಇಯತ್ತೆಗಳನ್ನು ಪೂರ್ತಿಯಾಗಿ ಹಳ್ಳಿಯ ಶಾಲೆಯಲ್ಲೇ ಓದಿರಬೇಕು. ಆ ಮೂರು ವರ್ಷಗಳಲ್ಲಿ ಒಂದೇ ಒಂದು ದಿನ ಪಟ್ಟಣದ ಶಾಲೆಯಲ್ಲಿ ಹೆಸರು ಇದ್ದರೂ ಮಗು ಪಟ್ಟಣದ್ದೆಂದು ಲೆಕ್ಕ. ಈಗ ನಾವು ಮಾಡುವುದೇನು? ಅಕ್ಕಲಕೋಟ ತಾಲೂಕಿನ ಹಳ್ಳಿಯ ಹುಡುಗ ಜಾಣನಿದ್ದಾನೆಂದು ನಾಲ್ಕನೆಯ ಇಯತ್ತೆಗೇ ಅವನನ್ನು ಕರೆದೊಯ್ದು ಇಂಡಿಯಲ್ಲೋ ವಿಜಯಪುರದಲ್ಲೋ ‘ನವೋದಯ ಕ್ಲಾಸ್’ ನಡೆಸುವ ಹಾಸ್ಟೆಲ್ಲಿಗೆ ಹಾಕುತ್ತೇವೆ. ಕನ್ನಡದಲ್ಲಿ ಕಲಿಸುತ್ತಾರೆ ಎಂಬ ಅಭಿಮಾನವೂ ಅದರಲ್ಲಿ ಸೇರಿರುತ್ತದೆ. ಹುಡುಗನ ದಾಖಲಾ ಅಲ್ಲಿಯ ಶಾಲೆಗೆ ಹೋಯಿತೆಂದರೆ ಸೊಲ್ಲಾಪುರ ಜಿಲ್ಲೆಯ ಹಕ್ಕು ಹೋಯಿತು. ವಿಜಯಪುರ ಜಿಲ್ಲೆಯಲ್ಲಿ ಅವನು ನಿವಾಸಿ ಅಲ್ಲ, ಆದ್ದರಿಂದ ಅಲ್ಲಿಯ ಹಕ್ಕೂ ಇಲ್ಲ. ಇನ್ನು ಕೆಲವರು ಸೊಲ್ಲಾಪುರ ಶಹರಕ್ಕೇ ಹಾಕುತ್ತಾರೆ. ಜಿಲ್ಲೆಯ ಹಕ್ಕು ಉಳಿಯಿತು, ಆದರೆ 60 ಸ್ಥಾನಗಳ ಸಾಲಿನಿಂದ ಹೊರಬಿದ್ದು, ಶಹರದ ಮಕ್ಕಳ ಜೊತೆ ಉಳಿದ 20ಕ್ಕೆ ಸ್ಪರ್ಧೆ. ವರ್ಷಕ್ಕೆ ಹತ್ತಾರು ಸಾವಿರ ರೂಪಾಯಿ ಕೊಟ್ಟು, ಕೈಯಲ್ಲಿದ್ದ ಅನುಕೂಲವನ್ನು ನಾವೇ ಕಳೆದುಕೊಂಡಂತಾಯಿತು. ಪರೀಕ್ಷೆಯಲ್ಲಿ ಹೆಸರು ಬಂದು ಕಾಗದ ಪರಿಶೀಲನೆಯ ದಿನ ಮರಳಿ ಕಳಿಸಿದ ಪ್ರಸಂಗಗಳ ಹಿಂದೆ ಬಹಳ ಸಲ ಇರುವುದು ಇದೇ ಕಾರಣ. ಮಗುವಿನದು ಅಲ್ಲಿ ಯಾವ ಕೊರತೆಯೂ ಇಲ್ಲ. ಆದರೆ ಬೈಗಳು ಮಾತ್ರ ಮಗುವಿನ ಪಾಲಿಗೆ.

ನಮ್ಮ ಅಭಿಪ್ರಾಯ ಕೇಳಿದರೆ, ಊರ ಶಾಲೆಯ ದಾಖಲಾ ಅಲುಗಾಡಿಸಬೇಡಿರಿ. ಸಂಜೆ ಎರಡು ತಾಸು ಮಾಸ್ತರರ ಹತ್ತಿರ ಕೂಡ್ರಿಸಿ ಆಕೃತಿಗಳ ಅಭ್ಯಾಸ ಮಾಡಿಸಿರಿ, ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟು ಬಿಡಿಸಿರಿ. ಅಷ್ಟು ಸಾಕು. ಪ್ರಶ್ನೆಪತ್ರಿಕೆಯ ಭಾಷೆಯನ್ನು ಅರ್ಜಿಯಲ್ಲಿ ಗುರುತು ಮಾಡುವಾಗ ಮಾತ್ರ ಪಾಲಕರು ಸ್ವತಃ ಹತ್ತಿರ ಕೂಡ್ರಬೇಕು. ಅರ್ಜಿ ತುಂಬುವ ಅಂಗಡಿಯ ಹುಡುಗ ರೂಢಿಯಂತೆ ಮರಾಠಿ ಅಥವಾ ಇಂಗ್ಲಿಷ್ ಒತ್ತಿಬಿಟ್ಟರೆ ಕನ್ನಡ ಶಾಲೆಯ ಮಗು ಪರೀಕ್ಷೆಯ ಕೋಣೆಯಲ್ಲಿ ಅಳುತ್ತ ಕೂಡ್ರಬೇಕಾಗುತ್ತದೆ.

ಈಗ ಕಾಯುವ ಪಟ್ಟಿಯ ವಿಷಯ. ಇದು ಪೂರ್ತಿ ನಿರಾಸೆಗಿಂತ ಕಠಿಣವಾದದ್ದು. ಇಲ್ಲ ಎಂದವರ ಮನೆಯಲ್ಲಿ ಒಂದು ವಾರದ ದುಃಖ. ‘ಆಗಬಹುದು’ ಎಂದವರ ಮನೆಯಲ್ಲಿ ಎರಡು ತಿಂಗಳ ತಳಮಳ.

ಆಯ್ಕೆಯಾದ ಮಗು ಸೈನಿಕ ಶಾಲೆಗೆ ಹೋದರೆ ಒಂದು ಸ್ಥಾನ ತೆರವಾಗುತ್ತದೆ. ಕಾಗದಪತ್ರ ಹೊಂದದಿದ್ದರೆ, ಕೊನೆಯ ದಿನಾಂಕದೊಳಗೆ ಹಾಜರಾಗದಿದ್ದರೆ, ಅಥವಾ ತಾಯಿಯನ್ನು ಬಿಟ್ಟಿರಲಾರದೆ ಮನೆಯವರು ಕಳಿಸದೇ ಇದ್ದರೆ ಮತ್ತೆ ಒಂದೊಂದು ತೆರವು. ಆಗ ಕಾಯುವ ಪಟ್ಟಿಯಿಂದ ಕರೆಯುತ್ತಾರೆ. ಆದರೆ ಬಿಟ್ಟುಹೋದ ಮಗು ಯಾವ ಪಾಲಿನದೋ ಆ ಪಾಲಿನ ಮಗುವನ್ನೇ ಕರೆಯುವುದು ಪದ್ಧತಿ. ಗ್ರಾಮೀಣ ಹೆಣ್ಣುಮಗಳ ಸ್ಥಾನ ತೆರವಾದರೆ ಗ್ರಾಮೀಣ ಹೆಣ್ಣುಮಗಳಿಗೆ. ಆದ್ದರಿಂದ ‘ನಮ್ಮದು ಮೂರನೆಯ ನಂಬರು, ಮೂರು ಮಂದಿ ಬಿಟ್ಟರೆ ಬಂತು’ ಎಂದು ಲೆಕ್ಕ ಹಾಕಿ ಕೂಡ್ರುವುದರಲ್ಲಿ ಅರ್ಥವಿಲ್ಲ. ಕೆಲವು ವರ್ಷ ಬೇಗ ಸರಿಯುತ್ತದೆ, ಕೆಲವು ವರ್ಷ ಒಂದು ಹೆಜ್ಜೆಯೂ ಸರಿಯುವುದಿಲ್ಲ.

ಹೀಗಿರುವಾಗ ಮಾಡಬೇಕಾದದ್ದು ಇಷ್ಟು. ಜೂನಿನಲ್ಲಿ ಊರ ಶಾಲೆ, ಇಲ್ಲವೆ ಹತ್ತಿರದ ಪ್ರೌಢಶಾಲೆ ತೆರೆದ ಮೊದಲ ದಿನವೇ ಮಗುವನ್ನು ಆರನೆಯ ಇಯತ್ತೆಗೆ ಸೇರಿಸಿ ಕಳಿಸಿರಿ. ‘ಅಲ್ಲಿಂದ ಕರೆ ಬಂದರೆ ಮತ್ತೆ ತೆಗೆಸಬೇಕಾದೀತು’ ಎಂದು ಮನೆಯಲ್ಲಿ ಕೂಡ್ರಿಸಬೇಡಿರಿ. ದಾಖಲಾ ತೆಗೆಸುವುದು ಎರಡು ದಿನದ ಕೆಲಸ, ಆದರೆ ಜೂನ್, ಜುಲೈ ಎರಡು ತಿಂಗಳು ಎಮ್ಮೆಯ ಹಿಂದೆ ತಿರುಗಿದ ಮಗು ಮತ್ತೆ ಹಲಗೆಯ ಮುಂದೆ ಕೂಡ್ರಲು ದೀಪಾವಳಿಯಾಗುತ್ತದೆ. ಎರಡನೆಯದಾಗಿ, ಅರ್ಜಿಯಲ್ಲಿ ಕೊಟ್ಟ ಮೊಬೈಲ್ ಸಂಖ್ಯೆಯನ್ನು ಬದಲಿಸಬೇಡಿರಿ. ನಮ್ಮಲ್ಲಿ ಬಹಳ ಜನ ಅಂಗಡಿಯವನ ಸಂಖ್ಯೆಯನ್ನೋ ಕ್ಲಾಸಿನ ಮಾಸ್ತರರ ಸಂಖ್ಯೆಯನ್ನೋ ಕೊಟ್ಟಿರುತ್ತಾರೆ. ಕರೆ ಅವರಿಗೆ ಹೋಗುತ್ತದೆ, ನಮಗೆ ಗೊತ್ತಾಗುವ ಹೊತ್ತಿಗೆ ದಿನ ಮುಗಿದಿರುತ್ತದೆ. ವಾರಕ್ಕೆ ಒಂದು ಸಲ ಶಾಲೆಯ ಕಚೇರಿಗೆ ಫೋನು ಮಾಡಿ ವಿನಯದಿಂದ ವಿಚಾರಿಸಿದರೆ ಯಾರೂ ಸಿಟ್ಟಾಗುವುದಿಲ್ಲ. ದಿನಕ್ಕೆ ಮೂರು ಸಲ ಮಾಡಿದರೆ ಆಗುತ್ತಾರೆ.

ಮಧ್ಯವರ್ತಿಗಳ ವಿಷಯ. ಕಾಯುವ ಪಟ್ಟಿ ಹೊರಬಿದ್ದ ಮರುದಿನದಿಂದಲೇ ಇವರು ಹುಟ್ಟಿಕೊಳ್ಳುತ್ತಾರೆ. ‘ದಿಲ್ಲಿಯಲ್ಲಿ ನಮ್ಮವರು ಇದ್ದಾರೆ’ ಎನ್ನುತ್ತಾರೆ. ನವೋದಯ ಶಾಲೆಯಲ್ಲಿ ಆಡಳಿತ ಮಂಡಳಿಯ ಕೋಟಾ ಎಂಬುದೇ ಇಲ್ಲ, ದೇಣಿಗೆ ಎಂಬುದೂ ಇಲ್ಲ. ಇವರ ಉಪಾಯ ಬಹಳ ಸರಳ. ಪಟ್ಟಿಯಲ್ಲಿರುವ ಹತ್ತು ಮನೆಗಳಿಂದ ಹಣ ತೆಗೆದುಕೊಳ್ಳುತ್ತಾರೆ. ತಾನಾಗಿಯೇ ಕರೆ ಬಂದ ಒಂದಿಬ್ಬರ ಹಣ ಇಟ್ಟುಕೊಂಡು ‘ನಾನೇ ಮಾಡಿಸಿದೆ’ ಎನ್ನುತ್ತಾರೆ. ಉಳಿದವರ ಹಣವನ್ನು ಅರ್ಧ ಮರಳಿಸಿ ‘ಪ್ರಾಮಾಣಿಕ’ ಎನಿಸಿಕೊಳ್ಳುತ್ತಾರೆ. ಹುಂಡಿ, ಉದ್ರಿ, ಬಡ್ಡಿ ಎಲ್ಲ ಬಲ್ಲ ನಮ್ಮ ವ್ಯಾಪಾರಿ ಬಂಧುಗಳೂ ಇದರಲ್ಲಿ ಸಿಗುತ್ತಾರೆಂಬುದು ಆಶ್ಚರ್ಯ. ಮಗನ ವಿಷಯ ಬಂದಾಗ ತಕ್ಕಡಿ ಹಿಡಿದ ಕೈಯೂ ನಡುಗುತ್ತದೆ.

ಸೈನಿಕ ಶಾಲೆಯ ರೀತಿ ಬೇರೆ. ಸಾತಾರೆಯ ಶಾಲೆ 1961ರಲ್ಲಿ, ವಿಜಯಪುರದ್ದು 1963ರಲ್ಲಿ ಆರಂಭವಾದವು. ಕೇರಳದವರಿಗೆ ತಿರುವನಂತಪುರದ ಹತ್ತಿರ ಕಳಕ್ಕೂಟ್ಟಂ, ತಮಿಳುನಾಡಿನವರಿಗೆ ಅಮರಾವತಿನಗರ, ಆಂಧ್ರದವರಿಗೆ ಕೋರುಕೊಂಡ ಮತ್ತು ಕಲಿಕಿರಿ ಇವೆ. ಆರನೆಯ ಇಯತ್ತೆಯ ಪ್ರವೇಶ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಒಟ್ಟು 300 ಅಂಕ, ಅದರಲ್ಲಿ ಗಣಿತಕ್ಕೇ 150. ಶಾಲೆ ಯಾವ ರಾಜ್ಯದಲ್ಲಿದೆಯೋ ಆ ರಾಜ್ಯದ ಮಕ್ಕಳಿಗೆ ನೂರಕ್ಕೆ 67 ಸ್ಥಾನ, ಹೊರಗಿನವರಿಗೆ 33. ಇಲ್ಲಿಯೂ ಗಡಿಯ ಮನೆಗಳಲ್ಲಿ ಗೊಂದಲ ಇದೆ. ಜತ್ತದಿಂದ ವಿಜಯಪುರ ಹತ್ತಿರ, ಭಾಷೆ ನಮ್ಮದು, ಬೀಗರು ಅಲ್ಲಿಯೇ ಇದ್ದಾರೆ. ಆದರೂ ಪಟ್ಟಿಯ ಲೆಕ್ಕದಲ್ಲಿ ಜತ್ತದ ಹುಡುಗ ವಿಜಯಪುರದಲ್ಲಿ ಹೊರಗಿನವ, ಸಾತಾರೆಯಲ್ಲಿ ಮನೆಯವ. ಇದರಿಂದ ನೋವಾಗುವುದು ಸಹಜ. 1956ರಲ್ಲಿ ಎಳೆದ ಗೆರೆಯ ನೋವನ್ನು ಹತ್ತು ವರ್ಷದ ಹುಡುಗನ ಅರ್ಜಿಯಲ್ಲಿ ತೀರಿಸಿಕೊಳ್ಳಲಾಗದು. ಶಾಲೆಗಳ ಆದ್ಯತೆ ಬರೆಯುವಾಗ ತನ್ನ ರಾಜ್ಯದ ಶಾಲೆಯನ್ನು ಬಿಟ್ಟು ಬರೀ ಕರ್ನಾಟಕದ ಶಾಲೆಗಳನ್ನು ಬರೆದವರು ನಂತರ ಹಳಹಳಿಸಿದ್ದುಂಟು. ಇತ್ತೀಚೆಗೆ, 2022ರಿಂದ, ಖಾಸಗಿ ಸಂಸ್ಥೆ ಮತ್ತು ರಾಜ್ಯ ಸರಕಾರಗಳ ಪಾಲುದಾರಿಕೆಯಲ್ಲಿ ಹೊಸ ಸೈನಿಕ ಶಾಲೆಗಳು ಬಂದಿವೆ. ಒಂದೊಂದರ ಶುಲ್ಕ ಒಂದೊಂದು ಬಗೆ. ಹಳೆಯ ಶಾಲೆಗಳಲ್ಲಿಯೂ ವರ್ಷಕ್ಕೆ ಲಕ್ಷ ರೂಪಾಯಿ ದಾಟುತ್ತದೆ. ವಿದ್ಯಾರ್ಥಿವೇತನ ಸಿಕ್ಕರೆ ಹಗುರ, ಸಿಗದಿದ್ದರೆ ಏನು ಎಂಬುದನ್ನು ಮನೆಯಲ್ಲಿ ಮೊದಲೇ ಕುಳಿತು ಮಾತಾಡಿಕೊಳ್ಳಬೇಕು. ಅಂಕ ಬಂದ ಮೇಲೂ ವೈದ್ಯಕೀಯ ತಪಾಸಣೆ ಇರುತ್ತದೆ. ಕಣ್ಣಿನದೋ ಕಿವಿಯದೋ ಕಾರಣಕ್ಕೆ ಮರಳಿದ ಮಗುವಿಗೆ ‘ನಿನ್ನಲ್ಲಿ ಐಬು ಐತಿ’ ಎಂಬ ಮಾತು ಮನೆಯವರ ಬಾಯಿಂದ ಬರಲೇಬಾರದು. ಕಣ್ಣಿನ ದೋಷ ಬೇಗ ಗೊತ್ತಾಯಿತು, ಕನ್ನಡಕ ಹಾಕಿಸಿದರೆ ಆಯಿತು.

ಇಷ್ಟು ನಿಯಮಗಳ ಮಾತು. ಇದಕ್ಕಿಂತ ಮುಖ್ಯವಾದದ್ದು ಆ ಸಂಜೆ ಮನೆಯಲ್ಲಿ ನಡೆಯುವುದು.

ಪಟ್ಟಿ ಬಂದ ದಿನ ಮಗು ಮೊದಲು ನೋಡುವುದು ಮೊಬೈಲನ್ನಲ್ಲ, ಅಪ್ಪನ ಮುಖವನ್ನು. ಅಪ್ಪ ಏನೂ ಮಾತಾಡದೆ ಹೆಗಲ ಮೇಲಿನ ಟವೆಲ್ ಝಾಡಿಸಿ ಹೊರಗೆ ಹೋದರೆ ಮಗುವಿಗೆ ತಿಳಿಯುತ್ತದೆ. ಅವ್ವ ಅಡಿಗೆಮನೆಯಲ್ಲಿ ಕಣ್ಣೊರೆಸಿಕೊಂಡರೂ ತಿಳಿಯುತ್ತದೆ. ‘ಅಪ್ಪಾ, ನನ್ನ ಹೆಸರು ಬಂದಿಲ್ಲೇನು?’ ಎಂದು ಕೇಳುವ ಧೈರ್ಯ ಕೆಲವು ಮಕ್ಕಳಿಗೆ ಇರುತ್ತದೆ, ಬಹಳಷ್ಟು ಮಕ್ಕಳಿಗೆ ಇರುವುದಿಲ್ಲ. ಅವರು ಊಟ ಬಿಡುತ್ತಾರೆ, ಗೆಳೆಯರ ಜೊತೆ ಆಡಲು ಹೋಗುವುದಿಲ್ಲ, ಮಾಸ್ತರರನ್ನು ಕಂಡರೆ ಓಣಿ ಬದಲಿಸುತ್ತಾರೆ. ಆದ್ದರಿಂದ ಮಗು ಕೇಳುವ ಮೊದಲೇ ಅಪ್ಪನೇ ಹೇಳಬೇಕು, ಅದೂ ಅದೇ ದಿನ, ಬೇರೆಯವರಿಂದ ತಿಳಿಯುವ ಮೊದಲು. ‘ಹೆಸರು ಬಂದಿಲ್ಲಪ್ಪಾ. ಎಂಬತ್ತೇ ಮಂದೀನ ತಗೋತಾರ, ಸಾವಿರಾರು ಮಂದಿ ಬರದಿದ್ರು. ನೀ ಓದಿದ್ದು ನಾ ನೋಡೇನಿ. ನಾಳೆ ನಮ್ಮ ಸಾಲಿಗೇ ಹೋಗೂಣು.’ ಇಷ್ಟೇ ಸಾಕು. ‘ಅಲ್ಲಿಯ ಊಟ ಚೆನ್ನಾಗಿಲ್ಲ, ಆ ಶಾಲೆ ಸುಮ್ಮನೆ’ ಎಂದು ಸುಳ್ಳು ಸಮಾಧಾನ ಹೇಳಬೇಡಿರಿ. ನಿನ್ನೆಯವರೆಗೆ ಅದೇ ಶಾಲೆಯನ್ನು ಹೊಗಳಿದ್ದು ಮಗುವಿಗೆ ನೆನಪಿರುತ್ತದೆ.

ಊರಿನವರ ಮಾತು ಇನ್ನೊಂದು ಬಾಧೆ. ‘ಏನಾತು ನಿಮ್ಮ ಹುಡುಗಂದು?’ ಎಂದು ಚಹಾದ ಅಂಗಡಿಯಲ್ಲಿ, ಜಾತ್ರೆಯಲ್ಲಿ, ಸಂತೆಯಲ್ಲಿ ಕೇಳುತ್ತಾರೆ. ಕೇಳುವವರಲ್ಲಿ ಅರ್ಧ ಜನಕ್ಕೆ ಕಳಕಳಿ, ಅರ್ಧ ಜನಕ್ಕೆ ಕುತೂಹಲ. ಮಗು ಪಕ್ಕದಲ್ಲಿದ್ದಾಗ ‘ಇವಗೆ ಓದೂದು ಬ್ಯಾಡ, ಮೊಬೈಲ್ ಬೇಕು’ ಎಂದು ಉತ್ತರ ಕೊಟ್ಟು ನಮ್ಮ ಮಾನ ಉಳಿಸಿಕೊಳ್ಳುವ ತಂದೆಗಳಿದ್ದಾರೆ. ಆ ಒಂದು ಮಾತು ಮಗುವಿನ ಮನಸ್ಸಿನಲ್ಲಿ ಎಷ್ಟು ವರ್ಷ ಉಳಿಯುತ್ತದೆ ಎಂಬುದನ್ನು ದೊಡ್ಡವರಾದ ಮೇಲೆ ಹೇಳಿಕೊಂಡ ಭಕ್ತರನ್ನು ನಾವು ಬಲ್ಲೆವು. ಅಣ್ಣತಮ್ಮಂದಿರ ಮನೆಗಳಲ್ಲಿ ಒಂದು ಕೂಸಿನ ಹೆಸರು ಬಂದು ಇನ್ನೊಂದರದು ಬಾರದಿದ್ದಾಗ ದೊಡ್ಡವ್ವ, ಚಿಗವ್ವ ಇಬ್ಬರೂ ಇನ್ನೂ ಜಾಗ್ರತೆಯಿಂದ ಇರಬೇಕು. ಗೆದ್ದ ಕೂಸಿನ ಹಾರ ತುರಾಯಿಯ ಫೋಟೋ ಮನೆಯ ಗುಂಪಿನಲ್ಲಿ ಎಂಟು ದಿನ ಹಾಕುವ ಅವಶ್ಯಕತೆ ಇಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಮಾತು ಬೇರೆಯಾಗಿ ಹೇಳಬೇಕು. ಗಂಡುಹುಡುಗನ ಹೆಸರು ಬಾರದಿದ್ದರೆ ‘ಬ್ಯಾರೆ ಶಾಲೆ ನೋಡೂಣು’ ಎನ್ನುತ್ತೇವೆ. ಹುಡುಗಿಯ ಹೆಸರು ಬಾರದಿದ್ದರೆ ಅಷ್ಟಕ್ಕೇ ಅವಳ ಓದಿನ ಮಾತು ಮುಗಿಯುತ್ತದೆ. ಊರಲ್ಲಿ ಏಳರತನಕ ಇದೆ, ಅಷ್ಟು ಸಾಕು ಎನ್ನುತ್ತೇವೆ. ಕಿತ್ತೂರಿನಲ್ಲಿ ರಾಣಿ ಚೆನ್ನಮ್ಮನ ಹೆಸರಿನಲ್ಲಿ ಹೆಣ್ಣುಮಕ್ಕಳಿಗಾಗಿಯೇ ವಸತಿ ಸೈನಿಕ ಶಾಲೆ ಇದೆ. ಹಿಂದುಳಿದ ತಾಲೂಕುಗಳಲ್ಲಿ 2004ರಿಂದ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳಿವೆ. ನಿಮ್ಮ ತಾಲೂಕಿನ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ಹೋಗಿ ಕೇಳಿರಿ. ಎಲ್ಲಿಯೂ ಆಗದಿದ್ದರೆ ಒಂದು ಸೈಕಲ್ ಕೊಡಿಸಿ ಪಕ್ಕದ ಊರಿನ ಪ್ರೌಢಶಾಲೆಗೆ ಕಳಿಸಿರಿ.

ಇನ್ನು ‘ಒಂದು ವರ್ಷ ಐದನೆಯ ಇಯತ್ತೆಯಲ್ಲೇ ಉಳಿಸಿ ಮತ್ತೆ ಪರೀಕ್ಷೆಗೆ ಕೂಡ್ರಿಸೋಣ’ ಎಂಬ ಸಲಹೆ ಕೊಡುವವರಿದ್ದಾರೆ. ಖಂಡಿತ ಬೇಡ. ನವೋದಯದ ಆರನೆಯ ಇಯತ್ತೆಯ ಪರೀಕ್ಷೆಗೆ ಎರಡನೆಯ ಸಲ ಕೂಡ್ರಲು ನಿಯಮವೇ ಒಪ್ಪುವುದಿಲ್ಲ. ಜನ್ಮತಾರೀಖು ತಿದ್ದಿ, ಬೇರೆ ಶಾಲೆಯಲ್ಲಿ ಹೆಸರು ಹಚ್ಚಿ ಕೂಡ್ರಿಸಿದರೆ ಆಧಾರ ಕಾರ್ಡಿನಲ್ಲಿ ಸಿಕ್ಕಿಬೀಳುತ್ತದೆ. ಸಿಕ್ಕಿಬೀಳದಿದ್ದರೂ ಮಗುವಿಗೆ ನಾವು ಕೊಟ್ಟ ಮೊದಲ ಪಾಠ ಕಳ್ಳಲೆಕ್ಕದ್ದಾಯಿತು.

ನ್ಯಾಯವಾದ ಎರಡನೆಯ ಬಾಗಿಲು ಬೇರೆ ಇದೆ. ಎಂಟನೆಯ ಇಯತ್ತೆ ಓದುವಾಗ ಒಂಬತ್ತನೆಯದಕ್ಕೆ ಪರೀಕ್ಷೆ ಬರೆಯಬಹುದು. ಖಾಲಿ ಇದ್ದಷ್ಟೇ ಸ್ಥಾನ, ಆದ್ದರಿಂದ ಕೆಲವೇ. ಇಲ್ಲಿಯೂ ಅದೇ ಜಿಲ್ಲೆಯಲ್ಲಿ ವಾಸ, ಅದೇ ಜಿಲ್ಲೆಯಲ್ಲಿ ಎಂಟನೆಯ ಇಯತ್ತೆ. ವಿಷಯ ನಾಲ್ಕು: ಗಣಿತ 35, ವಿಜ್ಞಾನ 35, ಇಂಗ್ಲಿಷ್ 15, ಹಿಂದಿ 15. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಕನ್ನಡ ಮಾಧ್ಯಮದ ಮಗುವಿಗೆ ಇದು ಕಠಿಣವೆನಿಸುತ್ತದೆ, ಆದರೆ ಮೂರು ವರ್ಷದ ಕಾಲಾವಕಾಶ ಇದೆ. ಆರನೆಯ ಇಯತ್ತೆಯಿಂದಲೇ ಗಣಿತ, ವಿಜ್ಞಾನದ ಪಾಠ ಕನ್ನಡದಲ್ಲಿ ತಿಳಿದುಕೊಂಡು, ಪ್ರತಿ ಪಾಠದ ಹತ್ತು ಹದಿನೈದು ಇಂಗ್ಲಿಷ್ ಪದಗಳನ್ನು ಒಂದು ವಹಿಯಲ್ಲಿ ಬರೆದಿಡುತ್ತ ಹೋದರೆ ಎಂಟನೆಯ ಇಯತ್ತೆಗೆ ಅವನ ಕೈಯಲ್ಲಿ ಒಂದು ನಿಘಂಟು ಸಿದ್ಧವಾಗಿರುತ್ತದೆ. ಪರೀಕ್ಷೆಯಲ್ಲಿ ಆಗಲಿ ಬಿಡಲಿ, ಹತ್ತರ ನಂತರ ಕಾಲೇಜಿಗೆ ಹೋದಾಗ ಆ ವಹಿ ಉಪಯೋಗಕ್ಕೆ ಬಂದೇ ಬರುತ್ತದೆ.

ಊರ ಶಾಲೆಯಲ್ಲೇ ಉಳಿದ ಮಗುವಿಗೆ ಮಾತ್ರ ಸಿಗುವ ಒಂದು ಅನುಕೂಲವೂ ಇದೆ, ಬಹಳ ಜನಕ್ಕೆ ಇದು ಗೊತ್ತಿಲ್ಲ. ಕೇಂದ್ರ ಸರಕಾರದ ಎನ್.ಎಂ.ಎಂ.ಎಸ್. ಎಂಬ ವಿದ್ಯಾರ್ಥಿವೇತನ. ಎಂಟನೆಯ ಇಯತ್ತೆಯಲ್ಲಿ ಅದರ ಪರೀಕ್ಷೆ. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ ಮಗುವಿನ ಖಾತೆಗೆ ಬರುತ್ತದೆ. ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷದೊಳಗೆ ಇರಬೇಕು, ಏಳನೆಯ ಇಯತ್ತೆಯಲ್ಲಿ ನೂರಕ್ಕೆ 55 ಅಂಕ ಬಂದಿರಬೇಕು, ಸರಕಾರಿ, ಸ್ಥಳೀಯ ಸಂಸ್ಥೆಯ ಅಥವಾ ಅನುದಾನಿತ ಶಾಲೆಯಲ್ಲಿ ಓದುತ್ತಿರಬೇಕು. ನವೋದಯ ಮತ್ತು ಕೇಂದ್ರೀಯ ವಿದ್ಯಾಲಯದ ಮಕ್ಕಳಿಗೆ ಇದು ಇಲ್ಲ. ಪರೀಕ್ಷೆಯ ಅರ್ಧ ಭಾಗ ಬುದ್ಧಿಶಕ್ತಿಯದೇ ಆದ್ದರಿಂದ ನವೋದಯಕ್ಕಾಗಿ ಮಾಡಿದ ಅಭ್ಯಾಸ ವ್ಯರ್ಥವಾಗುವುದಿಲ್ಲ. ಮುಖ್ಯಾಧ್ಯಾಪಕರು ಅರ್ಜಿ ಹಾಕಿಸಿದರೆ ಮಾತ್ರ ಆಗುತ್ತದೆ, ಆದ್ದರಿಂದ ಪಾಲಕರು ಹೋಗಿ ನೆನಪಿಸಬೇಕು.

ಮಠದ ಪತ್ರಿಕೆ ಎಂದ ಮೇಲೆ ಪ್ರಸಾದ ನಿಲಯಗಳ ಮಾತು ಬಿಡುವಂತಿಲ್ಲ. ನೂರು ವರ್ಷದ ಹಿಂದೆ ಹಳ್ಳಿಯ ಹುಡುಗ ಹೈಸ್ಕೂಲಿಗೆಂದು ಧಾರವಾಡಕ್ಕೋ ಬೆಳಗಾವಿಗೋ ಬಂದರೆ ಇರಲು ಜಾಗ, ಉಣ್ಣಲು ಅನ್ನ ಇರಲಿಲ್ಲ. ಶಾಲೆ ಇಲ್ಲವೆನ್ನದಿದ್ದರೂ ಹಸಿವು ಇಲ್ಲವೆನ್ನುತ್ತಿತ್ತು. ಆ ಕಾಲದಲ್ಲಿ ಮಠಗಳು ಉಚಿತ ಪ್ರಸಾದ ನಿಲಯ ತೆರೆದವು. ವಿಜಯಪುರದಲ್ಲಿ ಹಳಕಟ್ಟಿಯವರಂಥವರು 1910ರಲ್ಲಿ, ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ಶಿಕ್ಷಕರು 1916ರಲ್ಲಿ ವಿದ್ಯಾಸಂಸ್ಥೆಗಳನ್ನು ಕಟ್ಟಿದರು. ತುಮಕೂರಿನ ಸಿದ್ಧಗಂಗೆಯಲ್ಲಿ 2019ರಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳು ಜಾತಿ ಮತ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ ಅಕ್ಷರ ಕೊಟ್ಟದ್ದು ಎಲ್ಲರಿಗೂ ಗೊತ್ತಿದೆ, ಅದು ಇಂದಿಗೂ ನಡೆದಿದೆ. ಸುತ್ತೂರಿನಲ್ಲಿಯೂ ಉಚಿತ ವಸತಿ ಶಾಲೆ ಇದೆ. ಅಲ್ಲಿಯೂ ಬರುವವರು ಹೆಚ್ಚು, ಜಾಗ ಮಿತ. ಆದ್ದರಿಂದ ಇದನ್ನು ‘ಕೊನೆಗೆ ಮಠ ಐತೆಲ್ಲ’ ಎಂದು ಜುಲೈ ತಿಂಗಳಲ್ಲಿ ಗಂಟು ಕಟ್ಟಿಕೊಂಡು ಬರುವ ಜಾಗವೆಂದು ತಿಳಿಯಬಾರದು. ಬೇಸಿಗೆಯಲ್ಲೇ ವಿಚಾರಿಸಬೇಕು. ಮತ್ತು ಕನ್ನಡ ಮಾಧ್ಯಮದಲ್ಲಿ ಓದಿಸಬೇಕೆಂಬ ಇಚ್ಛೆ ಇರುವವರು ಒಂದು ಸತ್ಯ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು: ಪೋಖರಾಪುರಕ್ಕೋ ಪಲೂಸಿಗೋ ಹೋದ ಮಗು ಅಲ್ಲಿ ಮರಾಠಿ, ಹಿಂದಿ, ಇಂಗ್ಲಿಷ್ ಕಲಿಯುತ್ತದೆ, ಕನ್ನಡದ ಪಾಠ ಅಲ್ಲಿಗೆ ನಿಲ್ಲುತ್ತದೆ. ಅದು ತಪ್ಪೆಂದು ನಾವು ಹೇಳುವುದಿಲ್ಲ. ಹೋದ ಮಗುವಿಗೆ ರಜೆಯಲ್ಲಿ ಕನ್ನಡ ಓದಿಸಬೇಕು. ಹೋಗದ ಮಗು ಅಕ್ಕಲಕೋಟದ, ದಕ್ಷಿಣ ಸೊಲ್ಲಾಪುರದ, ಜತ್ತದ, ಕಾಸರಗೋಡಿನ ಕನ್ನಡ ಶಾಲೆಯ ಹಾಜರಿ ಪುಸ್ತಕದಲ್ಲಿ ಒಂದು ಹೆಸರಾಗಿ ಉಳಿಯುತ್ತದೆ. ಆ ಪುಸ್ತಕದಲ್ಲಿ ಹೆಸರುಗಳು ಕಡಿಮೆಯಾದಂತೆ ಮಾಸ್ತರರ ಹುದ್ದೆಗಳೂ ಕಡಿಮೆಯಾಗುತ್ತವೆ.

ಕಡೆಯದಾಗಿ ಕಾಗದಪತ್ರ. ಕರೆ ಬಂದಾಗ ಹುಡುಕುವುದಲ್ಲ, ಈಗಲೇ ಒಂದು ಚೀಲದಲ್ಲಿ ಹಾಕಿಡಬೇಕು: ಜನ್ಮ ದಾಖಲೆ, ಆಧಾರ, ವಾಸದ ಪ್ರಮಾಣಪತ್ರ, ಮೂರರಿಂದ ಐದರವರೆಗೆ ಹಳ್ಳಿಯಲ್ಲಿ ಓದಿದ್ದಕ್ಕೆ ಮುಖ್ಯಾಧ್ಯಾಪಕರ ಪತ್ರ. ಮಹಾರಾಷ್ಟ್ರದ ಬಂಧುಗಳಿಗೆ ಸೈನಿಕ ಶಾಲೆಗಾಗಿ ಅಧಿವಾಸದ ಪ್ರಮಾಣಪತ್ರ ಬೇಕು. ಸೇತು ಕೇಂದ್ರದಲ್ಲಿ ಅರ್ಜಿ ಕೊಟ್ಟು ತಹಸೀಲ ಕಚೇರಿಯಿಂದ ತರುವಷ್ಟರಲ್ಲಿ ವಾರಗಳು ಹೋಗುತ್ತವೆ. ಹಿಂದುಳಿದ ವರ್ಗದ ಕಾಲಮ್ಮು ತುಂಬುವಾಗ ರಾಜ್ಯದ ಪಟ್ಟಿ ಬೇರೆ, ಕೇಂದ್ರದ ಪಟ್ಟಿ ಬೇರೆ ಎಂಬುದು ನೆನಪಿರಲಿ. ಲಿಂಗಾಯತರಲ್ಲಿ ಕೆಲವು ಒಳಪಂಗಡ ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿರಬಹುದು. ಕೈಯಲ್ಲಿ ಕೇಂದ್ರದ ನಮೂನೆಯ ಪ್ರಮಾಣಪತ್ರ ಇಲ್ಲದೆ ಅಲ್ಲಿ ಗುರುತು ಹಾಕಬೇಡಿರಿ. ಹೆಸರಿನ ಅಕ್ಷರವನ್ನೂ ನೋಡಿರಿ. ಕನ್ನಡ ಶಾಲೆಯ ದಾಖಲಾದಲ್ಲಿ ಒಂದು ಬಗೆ, ಮರಾಠಿಯಿಂದ ಇಂಗ್ಲಿಷಿಗೆ ಇಳಿಸಿದ ಆಧಾರದಲ್ಲಿ ಇನ್ನೊಂದು ಬಗೆ ಇರುವುದು ಗಡಿಯ ಮನೆಗಳಲ್ಲಿ ಸಾಮಾನ್ಯ. ಮಲ್ಲಿಕಾರ್ಜುನ ಎಂಬ ಹೆಸರಿಗೆ ಒಂದೇ ಮನೆಯಲ್ಲಿ ಮೂರು ಕಾಗದಗಳಲ್ಲಿ ಮೂರು ಕಾಗುಣಿತ ಕಂಡಿದ್ದೇವೆ. ಅದನ್ನು ಸರಿಪಡಿಸುವುದಕ್ಕೆ ದೀಪಾವಳಿ ರಜೆ ಒಳ್ಳೆಯ ಸಮಯ. ಆಗ ಹೊಲದಲ್ಲಿ ಜೋಳ ಬಿತ್ತಿ ಆಗಿರುತ್ತದೆ, ಕಚೇರಿಯಲ್ಲಿ ಗದ್ದಲವೂ ಕಡಿಮೆ. ಆಧಾರ ಕೇಂದ್ರಕ್ಕೆ ಹೋಗುವಾಗ ಮೂಲ ದಾಖಲಾ ಕೈಯಲ್ಲಿ ಒಯ್ಯಿರಿ, ಝೆರಾಕ್ಸ್ ನಡೆಯುವುದಿಲ್ಲ.